ಕೃತಕ ಹುಲ್ಲೋ, ನೆಲದ ಹುಲ್ಲೋ?

ಪ್ರಶ್ನೆ: ನಾರ್ವೆಯ ಬೋಡೊ/ಗ್ಲಿಮ್ಟ್ ಫುಟ್‌ಬಾಲ್ ತಂಡ ಕೃತಕ ಹುಲ್ಲಿನ ಮೈದಾನ ಇಟ್ಟುಕೊಂಡೇ 2025ರಲ್ಲಿ ಯುರೋಪಾ ಲೀಗ್ ಸೆಮಿಫೈನಲ್ ತಲುಪಿತು. ಅತ್ತ ನೆದರ್ಲೆಂಡ್ಸ್ ತನ್ನ ಅಗ್ರ ಲೀಗ್‌ನಲ್ಲಿ ಅದನ್ನು ನಿಷೇಧಿಸಿದೆ. ಒಂದೇ ಆಟಕ್ಕೆ ಎರಡು ನ್ಯಾಯವೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೋಡೊ ಇರುವುದು ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕೆ. ಚಳಿಗಾಲದಲ್ಲಿ ಅಲ್ಲಿ ಹುಲ್ಲು ಚಿಗುರುವಷ್ಟು ಬೆಳಕೇ ಇರುವುದಿಲ್ಲ. ಕೃತಕ ಹಾಸು ಅವರಿಗೆ ಅನಿವಾರ್ಯ. ಅವರ ಗೆಲುವನ್ನೆಲ್ಲ ಹಾಸಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆ ಸೆಮಿಫೈನಲ್‌ನಲ್ಲಿ ಟಾಟನ್‌ಹ್ಯಾಮ್ ಅದೇ ಹಾಸಿನ ಮೇಲೆ 2–0ರಿಂದ ಗೆದ್ದು ಹೋಯಿತು.

ನೆದರ್ಲೆಂಡ್ಸ್‌ಗೆ ಇಂಥ ಕಷ್ಟವಿಲ್ಲ. ಅಲ್ಲಿ ಕೆಲವು ಸಣ್ಣ ಕ್ಲಬ್‌ಗಳು ಕೃತಕ ಹಾಸು ಹಾಕಿದ್ದು ಮುಖ್ಯವಾಗಿ ಖರ್ಚು ಉಳಿಸಲು. ಚೆಂಡು ಉರುಳುವ, ಪುಟಿಯುವ ರೀತಿ ಬೇರೆ, ಕಾಲು ಜಾರಿಸಿ ಚೆಂಡು ಕಸಿಯುವುದು ಕಷ್ಟ ಎಂಬ ಆಟಗಾರರ ದೂರು ವರ್ಷಗಟ್ಟಲೆ ಇತ್ತು. 2025–26ರಿಂದ ನಿಷೇಧ ಜಾರಿಯಾಯಿತು. ಇದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಇಂಗ್ಲೆಂಡ್ ಈ ಪಾಠವನ್ನು ಹಿಂದೆಯೇ ಕಲಿತಿತ್ತು. 1981ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅಲ್ಲಿ ಮೊದಲು ಹಾಸಿದ ಪ್ಲಾಸ್ಟಿಕ್ ಜಮಖಾನದ ಮೇಲೆ ಚೆಂಡು ಎತ್ತೆತ್ತಲೋ ಪುಟಿಯುತ್ತಿತ್ತು. ಅಲ್ಲಿನ ಲೀಗ್ ಕ್ಲಬ್‌ಗಳ ಪೈಕಿ ಕೊನೆಯದಾಗಿ ಪ್ರೆಸ್ಟನ್ 1994ರಲ್ಲಿ ಅದನ್ನು ಕಿತ್ತುಹಾಕಿತು. ಇಂದಿನ ಉದ್ದ ಎಳೆಯ, ಮರಳು ಮತ್ತು ರಬ್ಬರ್ ಕಾಳು ತುಂಬಿದ ಹಾಸು ಅದಕ್ಕಿಂತ ಎಷ್ಟೋ ಉತ್ತಮ ಎಂಬುದನ್ನೂ ಹೇಳಬೇಕು.

ಪ್ರಶ್ನೆ: ಮಗಳು ಟರ್ಫ್‌ನಲ್ಲಿ ಅಭ್ಯಾಸ ಮಾಡುತ್ತಾಳೆ. ಮೊಣಕಾಲು ಆಗಾಗ ತರಚಿರುತ್ತದೆ. ಇದು ಅಪಾಯವೇ, ಸರ್?
– ತಾಯಿಯೊಬ್ಬರು, ಮೈಸೂರು

ಉತ್ತರ: ಅಮ್ಮಾ, ತರಚುಗಾಯ ಈ ಹಾಸಿನ ಹಳೆಯ ದೂರು. 2015ರ ಮಹಿಳಾ ವಿಶ್ವಕಪ್‌ನ ಎಲ್ಲ ಪಂದ್ಯಗಳನ್ನೂ ಕೆನಡಾದಲ್ಲಿ ಕೃತಕ ಹಾಸಿನ ಮೇಲೆಯೇ ಆಡಿಸಿದರು. ಆ್ಯಬಿ ವಾಂಬಾಕ್, ಮಾರ್ತಾರಂಥ ಆಟಗಾರ್ತಿಯರು 2014ರಲ್ಲೇ ಒಂಟಾರಿಯೊದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋಗಿದ್ದರು. ಪುರುಷರ ವಿಶ್ವಕಪ್ಪನ್ನು ಪೂರ್ತಿ ಕೃತಕ ಹಾಸಿನ ಮೇಲೆ ಎಂದೂ ಆಡಿಸಿಲ್ಲ, ನಮಗೇಕೆ ಈ ಭೇದ ಎಂಬುದು ಅವರ ವಾದ. ವಾದ ನ್ಯಾಯವಾದದ್ದೇ. ಆದರೂ ವಿಶ್ವಕಪ್ ಹತ್ತಿರವಾದಾಗ ದೂರು ಹಿಂಪಡೆಯಬೇಕಾಯಿತು.

ಒಟ್ಟು ಗಾಯಗಳ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಪಾದ, ಕಣಕಾಲಿನ ಪೆಟ್ಟು ಕೃತಕ ಹಾಸಿನಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಬೂಟಿನ ಮುಳ್ಳು ಹಾಸಿಗೆ ಕಚ್ಚಿಕೊಂಡು ಕಾಲು ಮಾತ್ರ ತಿರುಗಿದರೆ ಉಳುಕುತ್ತದೆ. ಹಾಗಾಗಿ ಉದ್ದ ಸ್ಟಡ್‌ಗಳ ಬೂಟು ಬೇಡ. ಗಿಡ್ಡ ಸ್ಟಡ್‌ಗಳು ಹೆಚ್ಚಿರುವ, ಕೃತಕ ಹುಲ್ಲಿಗೆಂದೇ ಮಾಡಿದ ಬೂಟು ಕೊಡಿಸಿ. ಉದ್ದ ಸಾಕ್ಸ್ ಇರಲಿ. ಗಾಯವಾದ ಕೂಡಲೇ ಸೋಪು ನೀರಿನಲ್ಲಿ ತೊಳೆಯಲಿ. ನಡು ಬಿಸಿಲಿನಲ್ಲಿ ಹಾಸು 60 ಡಿಗ್ರಿ ದಾಟಿ ಕಾಯುವುದುಂಟು. ನೀರು ಹೊಡೆದರೂ ಸ್ವಲ್ಪ ಹೊತ್ತಿಗೆ ಮತ್ತೆ ಕಾಯುತ್ತದೆ. ಮಧ್ಯಾಹ್ನದ ಅಭ್ಯಾಸ ಬೇಡವೆಂದು ಕೋಚ್‌ಗೆ ಹೇಳಿ.

ಪ್ರಶ್ನೆ: ನಮ್ಮೂರ ಮೈದಾನಕ್ಕೆ ಯಾವುದು ಸರಿ?
– ಕ್ರೀಡಾ ಸಂಘದವರು, ಶಿವಮೊಗ್ಗ

ಉತ್ತರ: ಬೆಂಗಳೂರು ಎಫ್‌ಸಿ 2013–14ರಲ್ಲಿ ಅಶೋಕನಗರದ ಕೃತಕ ಹಾಸಿನ ಮೇಲೆ ತವರಿನ ಪಂದ್ಯಗಳನ್ನಾಡಿ ಚೊಚ್ಚಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ದಿನವಿಡೀ ಮಕ್ಕಳು ಆಡುವ ಕಡೆ ಇಂಥ ಹಾಸಿಗೆ ಅರ್ಥವಿದೆ. ಆದರೆ ಹತ್ತು ವರ್ಷದೊಳಗೆ ಅದು ಸವೆದು ಬದಲಿಸಬೇಕಾಗುತ್ತದೆ. ಉದುರುವ ರಬ್ಬರ್ ಕಾಳು ಚರಂಡಿ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2031ರಿಂದ ಅಂಥ ಪ್ಲಾಸ್ಟಿಕ್ ಕಾಳುಗಳ ಮಾರಾಟವನ್ನೇ ನಿಲ್ಲಿಸಲಿದೆ. ನಿಮ್ಮಲ್ಲಿ ಮಳೆಯೂ ಬಿಸಿಲೂ ಧಾರಾಳ. ಮೊದಲು ನೀರು ಬಸಿದುಹೋಗುವ ವ್ಯವಸ್ಥೆಗೆ ಹಣ ಹಾಕಿ, ಹುಲ್ಲು ನೆಟ್ಟು, ನೋಡಿಕೊಳ್ಳಲು ಕಾಯಂ ಮಾಲಿಯೊಬ್ಬರನ್ನು ನೇಮಿಸಿ.