ಮುಂದಿನ ಗಾಲಿಗಳ ಬಳಿಯ ಸದ್ದು: ಕಾರಣ ಮತ್ತು ಪತ್ತೆಯ ಕ್ರಮ

ಮುಂಬಯಿ ಮಹಾನಗರದ ವಡಾಲ ಪ್ರದೇಶವು ವಾಹನಗಳ ಬೀಡು. ಸರಕು ಲಾರಿಗಳು ತಂಗುವ ಟ್ರಕ್ ಟರ್ಮಿನಲ್ ಹಾಗೂ ‘ಎಂ.ಎಚ್. 03’ ಸಂಖ್ಯೆಯಡಿ ವಾಹನಗಳನ್ನು ನೋಂದಾಯಿಸುವ ಪ್ರಾದೇಶಿಕ ಸಾರಿಗೆ ಕಚೇರಿ ಇಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮಹಾನಗರದ ರಸ್ತೆಗಳಲ್ಲಿ ಗುಂಡಿಗಳು ಬೀಳುತ್ತವೆ. ನೀರು ತುಂಬಿದ ಗುಂಡಿಯ ಆಳವು ಚಾಲಕನ ಕಣ್ಣಿಗೆ ಕಾಣದು. ಮಳೆಗಾಲ ಮುಗಿಯುವ ವೇಳೆಗೆ ಅನೇಕ ಕಾರು, ಟ್ಯಾಕ್ಸಿಗಳ ಮುಂಭಾಗದಿಂದ ‘ಟಕ್ ಟಕ್’ ಎಂದೋ ‘ಧಡ್’ ಎಂದೋ ಸದ್ದು ಕೇಳಿಬರಲಾರಂಭಿಸುತ್ತದೆ.

ಈ ಸದ್ದನ್ನು ಕೆಲವರು ಅಲಕ್ಷಿಸುತ್ತಾರೆ. ಮತ್ತೆ ಕೆಲವರು ಗಾಬರಿಗೊಂಡು ಒಂದರ ನಂತರ ಒಂದರಂತೆ ಬಿಡಿಭಾಗಗಳನ್ನು ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ಸದ್ದು ಯಾವ ಸಂದರ್ಭದಲ್ಲಿ ಬರುತ್ತದೆಂಬುದನ್ನು ಕ್ರಮವಾಗಿ ಪರಿಶೀಲಿಸಿದಲ್ಲಿ ದೋಷವಿರುವ ಭಾಗವನ್ನು ಬಹುಮಟ್ಟಿಗೆ ಗುರುತಿಸಬಹುದು. ಇದು ಕೇವಲ ಖರ್ಚಿನ ವಿಷಯವಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 56ನೆಯ ಪ್ರಕರಣದ ಮೇರೆಗೆ ಸಾರಿಗೆ ವಾಹನಗಳು ಯೋಗ್ಯತಾ ಪ್ರಮಾಣಪತ್ರವನ್ನು ಹೊಂದಿರಬೇಕು. 190ನೆಯ ಪ್ರಕರಣದ ಪ್ರಕಾರ, ಚಾಲಕನಿಗೆ ತಿಳಿದಿರುವ ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವುಳ್ಳ ಯಾವುದೇ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಶಿಕ್ಷಾರ್ಹ ಅಪರಾಧ. ‘ಗೊತ್ತಿರಲಿಲ್ಲ’ ಎಂಬ ಮಾತು ಎಲ್ಲ ಸಂದರ್ಭಗಳಲ್ಲಿಯೂ ರಕ್ಷಣೆ ನೀಡದು.

ಸಸ್ಪೆನ್ಷನ್ನಿನ ರಚನೆ

ಗಾಲಿಗೂ ವಾಹನದ ಒಡಲಿಗೂ ನಡುವೆ ಇದ್ದು, ರಸ್ತೆಯ ಹೊಡೆತವನ್ನು ತಗ್ಗಿಸುವ ವ್ಯವಸ್ಥೆಯೇ ಸಸ್ಪೆನ್ಷನ್. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಹೆಸರಾಗಿದ್ದ ಪ್ರೀಮಿಯರ್ ಪದ್ಮಿನಿ ಕಾರುಗಳು ವಡಾಲದಿಂದ ಹೆಚ್ಚು ದೂರವಿಲ್ಲದ ಕುರ್ಲಾದಲ್ಲಿ ತಯಾರಾಗುತ್ತಿದ್ದವು. ಅವುಗಳ ಪ್ರತಿಯೊಂದು ಮುಂದಿನ ಗಾಲಿಯನ್ನು ಮೇಲೊಂದು, ಕೆಳಗೊಂದು ತೋಳು ಹಾಗೂ ಸುರುಳಿ ಸ್ಪ್ರಿಂಗ್ ಹಿಡಿದಿಡುತ್ತಿದ್ದವು. ಇಪ್ಪತ್ತು ವರ್ಷಗಳ ವಯೋಮಿತಿಯ ಕಾರಣ 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳ ಸಂಚಾರವು ಕೊನೆಗೊಂಡಿತು.

1983ರ ಕೊನೆಯಲ್ಲಿ ಬಂದ ಮಾರುತಿ 800 ಹಾಗೂ ಅನಂತರದ ಬಹುತೇಕ ಸಣ್ಣ ಕಾರುಗಳಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ ಇದೆ. ಇದರಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬದಂತಿರುತ್ತವೆ. ಕಂಬದ ಮೇಲ್ತುದಿಯು ರಬ್ಬರ್ ಮೌಂಟಿಂಗ್ ಮತ್ತು ಬೇರಿಂಗಿನ ಮೂಲಕ ಒಡಲಿಗೆ ಸೇರುತ್ತದೆ. ಕೆಳಗಿನ ತೋಳು ಒಳತುದಿಯಲ್ಲಿ ರಬ್ಬರ್ ಬುಷ್‌ಗಳ ಮೇಲೆ, ಹೊರತುದಿಯಲ್ಲಿ ಬಾಲ್ ಜಾಯಿಂಟಿನ ಮೇಲೆ ಆಡುತ್ತದೆ. ಅನೇಕ ಕಾರುಗಳಲ್ಲಿ ಎಡ-ಬಲ ಗಾಲಿಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಮತ್ತು ಅದರ ಎರಡು ಲಿಂಕ್ ರಾಡುಗಳೂ ಇರುತ್ತವೆ. ರಬ್ಬರ್ ಸವೆದಾಗ ಅಥವಾ ಕೀಲು ಸಡಿಲವಾದಾಗ ಲೋಹವು ಲೋಹಕ್ಕೆ ಬಡಿದು ಸದ್ದು ಹುಟ್ಟುತ್ತದೆ.

ಮೊದಲು ನೋಡಬೇಕಾದುವು

ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸತಕ್ಕದ್ದು. ಇತ್ತೀಚೆಗೆ ಪಂಕ್ಚರ್ ಹಾಕಿಸಿದ ವಾಹನಗಳಲ್ಲಿ ಇದು ಅತ್ಯವಶ್ಯ. ಅನಂತರ ಜ್ಯಾಕ್, ಸ್ಟೆಪ್ನಿ, ಉಪಕರಣಗಳ ಚೀಲ, ಬ್ಯಾಟರಿ, ಬಾನೆಟ್ಟಿನ ಕೊಂಡಿ ಮತ್ತು ಸೈಲೆನ್ಸರ್ ಕೊಳವೆ ಅಲುಗಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಡಿಕ್ಕಿಯಲ್ಲಿ ಉರುಳುವ ಜ್ಯಾಕಿನ ಸದ್ದು ಗಾಲಿಯ ಬಳಿಯದೆಂದು ಭಾಸವಾಗುವುದುಂಟು.

ಸದ್ದಿನ ಸಂದರ್ಭ

1. ನಿಧಾನವಾಗಿ ಸಾಗುವಾಗ ಸಣ್ಣ ಉಬ್ಬುತಗ್ಗುಗಳಲ್ಲಿ ‘ಟಕ್ ಟಕ್’ ಎಂದರೆ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಸವೆದಿರುವ ಸಂಭವ ಹೆಚ್ಚು.
2. ಆಳವಾದ ಗುಂಡಿಯಲ್ಲಿ ಮಾತ್ರ ‘ಧಡ್’ ಎಂದರೆ ಶಾಕ್ ಅಬ್ಸಾರ್ಬರ್ ಅಥವಾ ಮೇಲಿನ ಮೌಂಟಿಂಗನ್ನು ಶಂಕಿಸಬೇಕು.
3. ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಿದಾಗ ಸದ್ದಾದರೆ ಮೇಲಿನ ಬೇರಿಂಗ್ ಅಥವಾ ಮುರಿದ ಸ್ಪ್ರಿಂಗ್ ಕಾರಣವಾಗಿರಬಹುದು.
4. ಬ್ರೇಕ್ ಹಾಕಿದಾಗ ಅಥವಾ ಹೊರಡುವಾಗ ಒಂದೇ ಹೊಡೆತದ ಸದ್ದು ಬಂದರೆ ಕೆಳತೋಳಿನ ಬುಷ್, ಬ್ರೇಕ್ ಕ್ಯಾಲಿಪರ್ ಅಥವಾ ಎಂಜಿನ್ ಮೌಂಟಿಂಗನ್ನು ನೋಡಬೇಕು.
5. ಪೂರ್ತಿ ತಿರುವಿನಲ್ಲಿ ಗಾಲಿಯೊಡನೆ ‘ಕಟಕಟ’ ಎಂಬುದು ಸಸ್ಪೆನ್ಷನ್ನಿನದಲ್ಲ. ಗಾಲಿಗೆ ಶಕ್ತಿ ಒಯ್ಯುವ ಆಕ್ಸಲ್ ಕೀಲಿನದು.

ರಸ್ತೆಯ ಉಬ್ಬನ್ನೇ ಪರೀಕ್ಷಾ ಸಾಧನವಾಗಿಯೂ ಬಳಸಬಹುದು. ಎರಡೂ ಮುಂದಿನ ಗಾಲಿಗಳು ಏಕಕಾಲಕ್ಕೆ ಉಬ್ಬು ಏರಿದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ. ಒಂದೇ ಗಾಲಿ ಏರಿದಾಗ ತಿರುಚಿಕೊಂಡು ಲಿಂಕ್ ರಾಡನ್ನು ಎಳೆಯುತ್ತದೆ. ಆದುದರಿಂದ ಒಂದು ಗಾಲಿ ಏರಿದಾಗ ಮಾತ್ರ ಕೇಳಿಬರುವ ಸದ್ದು ಬಹುತೇಕ ಲಿಂಕ್ ರಾಡಿನದು ಅಥವಾ ಬಾರಿನ ಬುಷ್ಷಿನದು. ಟ್ಯಾಕ್ಸಿ ಚಾಲಕನೊಬ್ಬನು ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿದ ಮೇಲೂ ಸದ್ದು ಹಾಗೆಯೇ ಉಳಿದಿದೆಯೆಂದು ಭಾವಿಸೋಣ. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದಲ್ಲಿ, ಅದಕ್ಕಿಂತ ಬಹಳ ಅಗ್ಗದ ಭಾಗವೊಂದೇ ಸಾಕಾಗುತ್ತಿತ್ತು. ಆತನ ಎರಡು ದಿನಗಳ ದುಡಿಮೆಯೂ ಉಳಿಯುತ್ತಿತ್ತು.

ಕೈಯಿಂದ ಮಾಡುವ ಪರೀಕ್ಷೆ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಇಡಬೇಕು. ಮುಂಭಾಗವನ್ನು ಜ್ಯಾಕಿನಿಂದ ಎತ್ತಿದ ಬಳಿಕ ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಕೇವಲ ಜ್ಯಾಕಿನ ಮೇಲಿರುವ ವಾಹನದ ಕೆಳಗೆ ಯಾರೂ ನುಸುಳಕೂಡದು.

ಗಾಲಿಯ ಮೇಲ್ತುದಿ, ಕೆಳತುದಿಗಳನ್ನು ಹಿಡಿದು ಅಲುಗಿಸಿದಾಗ ಸಡಿಲು ಕಂಡುಬಂದಲ್ಲಿ, ಇನ್ನೊಬ್ಬರು ಬ್ರೇಕ್ ಒತ್ತಿಹಿಡಿಯಲಿ. ಆಗ ಸಡಿಲು ಮಾಯವಾದರೆ ದೋಷವು ಗಾಲಿಯ ಬೇರಿಂಗಿನದು. ಉಳಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ಟಿನದು. ಎಡ-ಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಸಡಿಲಿದ್ದರೆ ಟೈ ರಾಡಿನ ತುದಿಯನ್ನೋ ಸ್ಟೀರಿಂಗ್ ರ‍್ಯಾಕನ್ನೋ ಪರಿಶೀಲಿಸಬೇಕು. ಲೋಹದ ಮೂಲಕ ಸದ್ದು ದೂರಕ್ಕೆ ಹರಿಯುವುದರಿಂದ ಕಿವಿ ಮೋಸಹೋಗಬಹುದು. ಅಲುಗಿಸುವಾಗ ಕೀಲಿನ ಮೇಲಿಟ್ಟ ಬೆರಳಿಗೆ ಬಡಿತದ ಜಾಗವು ಸ್ಪಷ್ಟವಾಗಿ ತಿಳಿಯುತ್ತದೆ. ವಾಹನವನ್ನು ನೆಲಕ್ಕಿಳಿಸಿದ ಮೇಲೆ ಮುಂಭಾಗವನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಮತ್ತೆ ಮತ್ತೆ ತೂಗಾಡಿದರೆ ಅಥವಾ ಸ್ಟ್ರಟ್ಟಿನ ಮೇಲೆ ಎಣ್ಣೆ ಸೋರಿದ್ದರೆ ಶಾಕ್ ಅಬ್ಸಾರ್ಬರ್ ಕೆಟ್ಟಿದೆಯೆಂದು ತಿಳಿಯಬೇಕು.

ದುರಸ್ತಿಯ ಎಚ್ಚರಗಳು

ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಬದಲಾಯಿಸುವುದು ಉಚಿತ. ತೋಳಿನ ರಬ್ಬರ್ ಬುಷ್ಷಿನ ಬೋಲ್ಟನ್ನು, ವಾಹನದ ಭಾರವು ಗಾಲಿಗಳ ಮೇಲೆ ಬಿದ್ದ ನಂತರವೇ ಕೊನೆಯದಾಗಿ ಬಿಗಿಯಬೇಕು. ಗಾಲಿ ತೂಗಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗನೆ ಹರಿಯುತ್ತದೆ. ಸದ್ದು ಅಡಗಿಸಲೆಂದು ರಬ್ಬರಿಗೆ ಎಂಜಿನ್ ಎಣ್ಣೆ ಸವರಬಾರದು. ಅದರಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸ್ಟ್ರಟ್, ತೋಳು ಅಥವಾ ಟೈ ರಾಡ್ ಬಿಚ್ಚಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ.

ಲಿಂಕ್ ರಾಡಿನ ಸಣ್ಣ ಸದ್ದಿನೊಂದಿಗೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಆದರೆ ನಟ್ಟು ಸಡಿಲವಾಗಿದ್ದರೆ, ಬಾಲ್ ಜಾಯಿಂಟ್ ಅಥವಾ ಟೈ ರಾಡಿನಲ್ಲಿ ಸಡಿಲು ಕಂಡರೆ, ಸ್ಪ್ರಿಂಗ್ ಮುರಿದಿದ್ದರೆ ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಹೊರಕ್ಕೆ ವಾಲಿ, ವಾಹನವು ಚಾಲಕನ ಹತೋಟಿ ತಪ್ಪುತ್ತದೆ. ಹಾಗಾಗುವ ಮುನ್ನ ಕೀಲು ಅನೇಕ ವೇಳೆ ಸದ್ದಿನ ಮೂಲಕ ಎಚ್ಚರಿಕೆ ನೀಡಿರುತ್ತದೆ. ಆ ಎಚ್ಚರಿಕೆಯನ್ನು ಸಕಾಲದಲ್ಲಿ ಗಮನಿಸುವುದು ಚಾಲಕನಿಗೂ, ಪ್ರಯಾಣಿಕರಿಗೂ, ರಸ್ತೆಯಲ್ಲಿ ನಡೆದಾಡುವವರಿಗೂ ಕ್ಷೇಮಕರ.