ಶಸ್ತ್ರದ ಮೊನೆ ಎಲ್ಲಿದೆ?

ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ನೆತ್ತಿಯಲ್ಲಿ ನಿಂತು, ಎದುರಿನ ಗುಡ್ಡದ ಮೇಲೆ ತಿರುಗುತ್ತಿರುವ ಗಾಳಿಯಂತ್ರವೊಂದನ್ನು ನೋಡುತ್ತಿದ್ದೇವೆಂದು ಭಾವಿಸೋಣ. ಅದು ನಮ್ಮಿಂದ ಎಷ್ಟು ದೂರದಲ್ಲಿದೆ? ಇದನ್ನು ತಿಳಿಯಲು ಕಣಿವೆಗಿಳಿದು ಸರಪಳಿ ಎಳೆಯಬೇಕಾಗಿಲ್ಲ. ನೆತ್ತಿಯ ಮೇಲೆಯೇ ನೂರು ಮೀಟರು ಅಂತರದ ಎರಡು ಸ್ಥಾನಗಳನ್ನು ಗೊತ್ತುಮಾಡಿ, ಎರಡರಿಂದಲೂ ಯಂತ್ರದತ್ತ ನೋಡಿ ಕೋನಗಳನ್ನು ಅಳೆದರೆ ಸಾಕು. ಒಂದು ಭುಜವೂ ಎರಡು ಕೋನಗಳೂ ತಿಳಿದ ತ್ರಿಕೋನದ ಉಳಿದ ಭುಜಗಳನ್ನು ಪ್ರೌಢಶಾಲೆಯ ಗಣಿತವೇ ತಿಳಿಸುತ್ತದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯನ್ನು ಅಳೆದುದು ಇಂತಹ ತ್ರಿಕೋನಗಳಿಗಾಗಿಯೇ.

ಇದೇ ತ್ರಿಕೋನವು ಇಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಕೆಲಸಮಾಡುತ್ತಿದೆ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯನ್ನು ತಲೆಬುರುಡೆ ತೆರೆಯದೆ, ಮೂಗಿನ ಹೊಳ್ಳೆಯ ಮೂಲಕವೇ ತೆಗೆಯಬಹುದು. ಆದರೆ ಗ್ರಂಥಿಯ ಎರಡು ಪಕ್ಕಗಳಲ್ಲಿಯೂ ಮಿದುಳಿಗೆ ರಕ್ತವನ್ನೊಯ್ಯುವ ಕೆರೋಟಿಡ್ ಧಮನಿಗಳಿವೆ, ಮೇಲ್ಗಡೆ ದೃಷ್ಟಿನರಗಳಿವೆ. ಇಲ್ಲಿ ಕೆಲವೇ ಮಿಲಿಮೀಟರುಗಳ ತಪ್ಪು ರೋಗಿಯ ಕಣ್ಣನ್ನೋ ಪ್ರಾಣವನ್ನೋ ಕಳೆಯಬಲ್ಲದು. ದೂರದರ್ಶಕದ ತಮ್ಮನಂತಿರುವ ಎಂಡೋಸ್ಕೋಪು ಎದುರಿಗಿರುವುದನ್ನು ತೋರಿಸುತ್ತದೆಯೇ ಹೊರತು, ಮೂಳೆಯ ಆಚೆಗೆ ಏನಿದೆಯೆಂಬುದನ್ನು ತೋರಿಸಲಾರದು.

ಆದುದರಿಂದ ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ನ್ಯಾವಿಗೇಷನ್ ಉಪಕರಣವನ್ನು ಬಳಸುತ್ತಾರೆ. ಅದರ ಒಂದು ಬಗೆಯಲ್ಲಿ, ಸುಮಾರು ಅರ್ಧ ಮೀಟರು ಅಂತರದ ಎರಡು ಕ್ಯಾಮೆರಾಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುತ್ತವೆ. ಶಸ್ತ್ರದ ಹಿಡಿಕೆಗೆ ಜೋಡಿಸಿದ ಮೂರು ನಾಲ್ಕು ಪುಟ್ಟ ಗುಂಡುಗಳು ಆ ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುತ್ತವೆ. ಪ್ರತಿಯೊಂದು ಗುಂಡೂ ನಮ್ಮ ಗಾಳಿಯಂತ್ರವಿದ್ದಂತೆ! ರೋಗಿಯ ತಲೆಯ ಪಕ್ಕದಲ್ಲಿ, ಅದರೊಡನೆ ಬಿಗಿಯಾಗಿ ನಿಂತ ಚೌಕಟ್ಟಿಗೂ ಇಂತಹ ಗುಂಡುಗಳಿರುತ್ತವೆ. ಕ್ಯಾಮೆರಾ ಸರಿದರೂ ಲೆಕ್ಕ ಕೆಡದಿರಲೆಂದು ಈ ಏರ್ಪಾಟು. ಮೊದಲೇ ತೆಗೆದಿರಿಸಿದ ಸಿ.ಟಿ. ಚಿತ್ರವೇ ಇಲ್ಲಿ ನಕ್ಷೆ. ಮೂಗಿನ ಬುಡ, ಕಣ್ಣಿನ ಮೂಲೆ ಮುಂತಾದ ಕಡೆಗಳಿಗೆ ಸೂಚಿಯನ್ನು ತಾಗಿಸಿ, ನಕ್ಷೆಯನ್ನೂ ತಲೆಯನ್ನೂ ಹೊಂದಿಸುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಬೆಳಕು ಶಸ್ತ್ರದ ಮೊನೆಯನ್ನು ಕಾಣುವುದೇ ಇಲ್ಲ. ಮೊನೆ ಮೂಗಿನೊಳಗೆ ಅಡಗಿದೆ. ಕಾಣುವುದು ಹಿಡಿಕೆಯ ಗುಂಡುಗಳು ಮಾತ್ರ. ಮೊನೆಯ ಸ್ಥಾನವು ಲೆಕ್ಕದಿಂದ ಬಂದುದು. ಗುಂಡುಗಳು 5 ಸೆಂಟಿಮೀಟರು ಅಂತರದಲ್ಲಿದ್ದು, ಒಂದರ ಸ್ಥಾನದಲ್ಲಿ ಕಾಲು ಮಿಲಿಮೀಟರು ತಪ್ಪಾಯಿತೆನ್ನೋಣ. 20 ಸೆಂಟಿಮೀಟರು ಆಚೆಗಿನ ಮೊನೆಯಲ್ಲಿ ಆ ತಪ್ಪು ನಾಲ್ಕುಪಟ್ಟಾಗಿ ಒಂದು ಮಿಲಿಮೀಟರಿನಷ್ಟಾಗುತ್ತದೆ. ಶಸ್ತ್ರ ತುಸು ಬಾಗಿದರಂತೂ ಲೆಕ್ಕವೇ ಸುಳ್ಳು. ಗುಂಡಿನ ಮೇಲೆ ರಕ್ತದ ಹನಿ ಬಿದ್ದರೂ, ಸಹಾಯಕರ ಭುಜ ಅಡ್ಡಬಂದರೂ ತ್ರಿಕೋನ ಕೆಡುತ್ತದೆ. (ಜೋಗಿಮಟ್ಟಿಯಲ್ಲಿ ಮಂಜು ಕವಿದ ಬೆಳಗಿನಲ್ಲಿ ನಮ್ಮ ಪಾಡೂ ಅದೇ!)

ಇವೆಲ್ಲಕ್ಕಿಂತ ಕಠಿಣವಾದುದು ಇನ್ನೊಂದಿದೆ. ಗುಡ್ಡಗಳು ಕದಲುವುದಿಲ್ಲ, ಮೂಗಿನ ಹಿಂದಣ ಮೂಳೆಯೂ ಕದಲುವುದಿಲ್ಲ. ಮಿದುಳಾದರೋ ಮೃದು. ಬುರುಡೆಯನ್ನು ತೆರೆದು ಮಾಡುವ ಚಿಕಿತ್ಸೆಯಲ್ಲಿ ಸುತ್ತಲಿನ ದ್ರವ ಹರಿದುಹೋದಾಗ ಅದು ಕುಸಿಯುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಆಗ ನಕ್ಷೆ ಹಳೆಯದು, ನೆಲ ಹೊಸದು. ಕೆಲವೆಡೆ ಚಿಕಿತ್ಸೆಯ ನಡುವೆಯೇ ಹೊಸ ಚಿತ್ರವನ್ನು ತೆಗೆಯುತ್ತಾರೆ. ಅನುಭವಸ್ಥ ವೈದ್ಯರು ಇನ್ನೂ ಸರಳವಾದ ಪರೀಕ್ಷೆಯೊಂದನ್ನು ಬಿಡುವುದಿಲ್ಲ: ತಮಗೆ ಚೆನ್ನಾಗಿ ಪರಿಚಿತವಾದ ಮೂಳೆಯ ಅಂಚೊಂದಕ್ಕೆ ಸೂಚಿಯನ್ನು ತಾಗಿಸಿ, ಪರದೆಯ ಮೇಲಿನ ಗುರುತೂ ಅಲ್ಲಿಯೇ ನಿಂತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ.