ಮೂವತ್ತು ಎಂಡ್‌ಪಾಯಿಂಟ್, ಒಂದೇ ಫೀಚರ್: ಸಿಎಕ್ಸ್‌ಎಫ್ ಬಳಸುವವರಿಗೆ ಕೆಲವು ಸೂತ್ರಗಳು

ಅಪಾಚೆ ಸಿಎಕ್ಸ್‌ಎಫ್‌ನಲ್ಲಿ ಒಂದು ಫೀಚರ್ ಬರೆಯುವುದು ದೊಡ್ಡ ಕೆಲಸವಲ್ಲ. ಬರೆದದ್ದನ್ನು ಎಲ್ಲ ಎಂಡ್‌ಪಾಯಿಂಟ್‌ಗಳಿಗೂ ಅಂಟಿಸಿ, ಅದು ನಿಜವಾಗಿ ಓಡುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲೇ ಜೀವ ಹೈರಾಣಾಗುತ್ತದೆ. ಒಂದು ವಿಮಾ ವ್ಯವಸ್ಥೆ ಇದೆ ಅಂದುಕೊಳ್ಳಿ. ಪಾಲಿಸಿ, ಕ್ಲೇಮು, ಏಜೆಂಟ್, ಪ್ರೀಮಿಯಂ ಎಂದು ಮೂವತ್ತು ಸೋಪ್ ಎಂಡ್‌ಪಾಯಿಂಟ್‌ಗಳು. ಒಳಗೆ ಬರುವ ಪ್ರತಿ ರಿಕ್ವೆಸ್ಟಿಗೂ ಒಂದು ಗುರುತಿನ ಸಂಖ್ಯೆ ಬೇಕು. ಅದು ಲಾಗಿನ ಪ್ರತಿ ಸಾಲಿನಲ್ಲೂ ಕಾಣಬೇಕು. ಉತ್ತರದ ಹೆಡರಿನಲ್ಲೂ ವಾಪಸ್ ಹೋಗಬೇಕು. ಈ ಒಂದು ಕೆಲಸವನ್ನೇ ಹಿಡಿದುಕೊಂಡು ಮುಂದಿನ ಸೂತ್ರಗಳನ್ನು ಓದಿ.

1. ಹೊಸದು ಬರೆಯುವ ಮುಂಚೆ ಇರುವುದನ್ನು ನೋಡಿ

ಲಾಗಿಂಗ್, ಜಿಜಿಪ್, ಮೆಟ್ರಿಕ್ಸ್, ಥ್ರಾಟ್ಲಿಂಗ್, ಡಬ್ಲ್ಯುಎಸ್-ಅಡ್ರೆಸಿಂಗ್ ಇವೆಲ್ಲ ಸಿಎಕ್ಸ್‌ಎಫ್ ಜೊತೆಯಲ್ಲೇ ಬರುವ ಫೀಚರ್‌ಗಳು. ಲಾಗಿಂಗ್ ಫೀಚರ್ ಸಂದೇಶವನ್ನು 48 ಕೆಬಿಗೆ ಕತ್ತರಿಸುತ್ತದೆ, ಬೇಕಿದ್ದರೆ ಆ ಮಿತಿಯನ್ನು ಬದಲಾಯಿಸಬಹುದು. ಪಾಸ್‌ವರ್ಡ್‌ನಂಥ ಎಲಿಮೆಂಟ್‌ಗಳನ್ನು ಮರೆಮಾಡುವ ಸೌಲಭ್ಯವೂ ಅದರಲ್ಲಿದೆ. ಇದನ್ನೆಲ್ಲ ಕೈಯಾರೆ ಬರೆದುಕೊಂಡು ಕೂತ ತಂಡಗಳು ಇವತ್ತಿಗೂ ಇವೆ. ಒಂದು ಎಚ್ಚರ: ಹಳೆಯ ಲಾಗಿಂಗ್ ಫೀಚರ್ ಬೇರೆ, ಈಗಿನದು ಬೇರೆ. ಈಗಿನದು ಎಕ್ಸ್ಟ್-ಲಾಗಿಂಗ್ ಪ್ಯಾಕೇಜಿನದು, ಅದಕ್ಕೆ ಪ್ರತ್ಯೇಕ ಜಾರ್ ಬೇಕು. ಸಿಎಕ್ಸ್‌ಎಫ್ ಅಪಾಚೆಯ ಉನ್ನತ ದರ್ಜೆಯ ಪ್ರಾಜೆಕ್ಟ್ ಆದದ್ದು 2008ರಲ್ಲಿ. ಹುಡುಕಿದಾಗ ಸಿಗುವ ಮಾದರಿ ಕೋಡಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸಾಗಿರುತ್ತದೆ ಎಂಬುದು ನೆನಪಿರಲಿ.

2. ಎಲ್ಲಿ ಕಟ್ಟುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ದಾರಿ ಮೂರು. ಸರ್ವಿಸ್ ಕ್ಲಾಸಿನ ತಲೆಯ ಮೇಲೆ ಫೀಚರ್ಸ್ ಎಂಬ ಅನೊಟೇಶನ್ ಹಾಕಬಹುದು. ಸ್ಪ್ರಿಂಗ್ ಫೈಲಿನಲ್ಲಿ ಒಂದೊಂದು ಎಂಡ್‌ಪಾಯಿಂಟಿನ ಒಳಗೂ ಫೀಚರ್ ಪಟ್ಟಿ ಕೊಡಬಹುದು. ಇಲ್ಲವೇ ಬಸ್ಸಿಗೇ ಕಟ್ಟಬಹುದು. ಬಸ್ ಎಂದರೆ ಎಲ್ಲ ಎಂಡ್‌ಪಾಯಿಂಟ್‌ಗಳೂ ನೇತುಹಾಕಿಕೊಂಡಿರುವ ನಡುಗಂಬ.

ಅನೊಟೇಶನ್ ನೋಡಲು ಚೆಂದ. ಆದರೆ ಅದು ಫೀಚರನ್ನು ತಾನೇ ಸೃಷ್ಟಿಸುತ್ತದೆ, ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರಿನಿಂದ. ಸ್ಪ್ರಿಂಗ್ ಕೊಡಬೇಕಾದ ಡೇಟಾಸೋರ್ಸ್, ಸೆಟ್ಟಿಂಗು ಯಾವುದೂ ಅದಕ್ಕೆ ತಲುಪುವುದಿಲ್ಲ. ಎಂಡ್‌ಪಾಯಿಂಟ್ ಪಟ್ಟಿಯಲ್ಲಿ ಈ ತೊಂದರೆಯಿಲ್ಲ, ಆದರೆ ಮೂವತ್ತೊಂದನೆಯ ಎಂಡ್‌ಪಾಯಿಂಟ್ ಬರೆಯುವ ಹೊಸ ಹುಡುಗ ಅದನ್ನು ಮರೆತೇ ಮರೆಯುತ್ತಾನೆ. ಊರಬಾಗಿಲಲ್ಲಿ ಸುಂಕದಕಟ್ಟೆ ಇದ್ದರೆ ಮನೆಮನೆಯ ಮುಂದೆ ಕಾವಲು ನಿಲ್ಲಿಸಬೇಕಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಬಸ್ಸಿಗೇ ಕಟ್ಟಿ. ಗುರುತಿನ ಸಂಖ್ಯೆ ಅಂಥ ನಿಯಮ. ಒಂದೇ ಎಂಡ್‌ಪಾಯಿಂಟಿಗೆ ಬೇಕಾದ ವಿಶೇಷ ಏನಾದರೂ ಇದ್ದರೆ ಅದು ಮಾತ್ರ ಅಲ್ಲೇ ಇರಲಿ.

3. ಸರಿಯಾದ ಮೆಥಡನ್ನೇ ಓವರ್‌ರೈಡ್ ಮಾಡಿ

ಈ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಫೀಚರ್ ಆಬ್‌ಸ್ಟ್ರಾಕ್ಟ್‌ಫೀಚರ್ ಎಂಬ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡುತ್ತದೆ. ಅದರಲ್ಲಿ ಇನಿಶಿಯಲೈಜ್ ಎಂಬ ಮೆಥಡಿಗೆ ಹಲವು ರೂಪ: ಒಂದು ಸರ್ವರನ್ನು ತೆಗೆದುಕೊಳ್ಳುತ್ತದೆ, ಇನ್ನೊಂದು ಕ್ಲೈಂಟನ್ನು, ಮತ್ತೊಂದು ಬಸ್ಸನ್ನು. ಎಂಡ್‌ಪಾಯಿಂಟಿಗೆ ಕಟ್ಟಿದ ಫೀಚರಿನಲ್ಲಿ ಸರ್ವರ್ ರೂಪ ಓಡುತ್ತದೆ. ಪ್ರಾಕ್ಸಿಗೆ ಕಟ್ಟಿದರೆ ಕ್ಲೈಂಟ್ ರೂಪ. ಬಸ್ಸಿಗೆ ಕಟ್ಟಿದಾಗ ಬಸ್ ರೂಪ.

ಈಗ ನೋಡಿ. ಯಾರೋ ಒಬ್ಬರು ಮೊದಲು ಒಂದೇ ಎಂಡ್‌ಪಾಯಿಂಟಿಗೆ ಫೀಚರ್ ಬರೆದರು, ಸರ್ವರ್ ರೂಪವನ್ನು ಮಾತ್ರ ಓವರ್‌ರೈಡ್ ಮಾಡಿದರು. ಟೆಸ್ಟ್ ಹಸಿರಾಯಿತು. ಆರು ತಿಂಗಳ ಮೇಲೆ ಇನ್ನೊಬ್ಬರು ಬಂದು "ಇದನ್ನು ಎಲ್ಲ ಕಡೆಗೂ ಹಾಕೋಣ" ಎಂದು ಆ ಬೀನ್ ಅನ್ನು ಎತ್ತಿ ಬಸ್ಸಿನ ಫೀಚರ್ ಪಟ್ಟಿಗೆ ಸೇರಿಸಿದರು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಅಪ್ಲಿಕೇಶನ್ ಅಚ್ಚುಕಟ್ಟಾಗಿ ಏಳುತ್ತದೆ. ಸೋಪ್ ಎಂಡ್‌ಪಾಯಿಂಟ್‌ಗಳಲ್ಲಿ ಮಾತ್ರ ಫೀಚರ್ ಒಂದು ಸಾಲನ್ನೂ ಓಡಿಸುವುದಿಲ್ಲ. ಯಾಕೆಂದರೆ ಅಲ್ಲಿ ಕರೆದದ್ದು ಬಸ್ ರೂಪವನ್ನು; ಇವರು ಬರೆದದ್ದು ಸರ್ವರ್ ರೂಪದಲ್ಲಿ.

ಪರಿಹಾರ ಸುಲಭ. ಆ ಮೂರೂ ರೂಪಗಳು ಕೊನೆಗೆ ಹೋಗಿ ಸೇರುವುದು ಇನಿಶಿಯಲೈಜ್‌ಪ್ರೊವೈಡರ್ ಎಂಬ ಪ್ರೊಟೆಕ್ಟೆಡ್ ಮೆಥಡಿಗೆ. ಸರ್ವರ್ ಆದರೆ ಅದರ ಎಂಡ್‌ಪಾಯಿಂಟ್, ಕ್ಲೈಂಟ್ ಆದರೆ ಕ್ಲೈಂಟೇ, ಬಸ್ ಆದರೆ ಬಸ್ಸೇ ಇಂಟರ್‌ಸೆಪ್ಟರ್ ಪ್ರೊವೈಡರ್ ಆಗಿ ಅಲ್ಲಿಗೆ ಬರುತ್ತದೆ. ನಿಮ್ಮ ಇಂಟರ್‌ಸೆಪ್ಟರ್‌ಗಳನ್ನು ಸೇರಿಸುವ ಕೋಡೆಲ್ಲ ಆ ಒಂದೇ ಮೆಥಡಿನಲ್ಲಿರಲಿ. ಆಮೇಲೆ ಫೀಚರನ್ನು ಎಲ್ಲಿಗೆ ಎತ್ತಿ ಕಟ್ಟಿದರೂ ಅದು ಓಡುತ್ತದೆ.

4. ಸರ್ವರ್ ಆಬ್ಜೆಕ್ಟೇ ಬೇಕೆಂದರೆ ಲಿಸನರ್ ಹಿಡಿಯಿರಿ

ಕೆಲವೊಮ್ಮೆ ಇಂಟರ್‌ಸೆಪ್ಟರ್ ಸಾಲದು. ಪ್ರತಿ ಎಂಡ್‌ಪಾಯಿಂಟಿನ ವಿಳಾಸ ನೋಡಿ ಬೇರೆ ಬೇರೆ ಸೆಟ್ಟಿಂಗ್ ಮಾಡಬೇಕು, ಸರ್ವಿಸ್ ಹೆಸರನ್ನು ಎಲ್ಲೋ ನೋಂದಾಯಿಸಬೇಕು. ಬಸ್ಸಿನಲ್ಲಿ ಸರ್ವರ್‌ಲೈಫ್‌ಸೈಕಲ್‌ಮ್ಯಾನೇಜರ್ ಎಂಬ ಎಕ್ಸ್‌ಟೆನ್ಶನ್ ಇದೆ. ಫೀಚರಿನ ಬಸ್ ರೂಪದಲ್ಲಿ ಅದನ್ನು ಕೇಳಿ ಪಡೆದು ಒಂದು ಲಿಸನರ್ ನೋಂದಾಯಿಸಿ. ಎಂಡ್‌ಪಾಯಿಂಟ್ ಏಳುವಾಗ ಅದರ ಸರ್ವರ್ ಆಬ್ಜೆಕ್ಟ್ ನಿಮ್ಮ ಕೈಗೆ ಬರುತ್ತದೆ. ಕ್ಲೈಂಟ್ ಕಡೆಗೂ ಇಂಥದೇ ಇನ್ನೊಂದಿದೆ. ಇದನ್ನು ಬಲ್ಲವರು ಕಡಿಮೆ, ಬಳಸುವವರು ಇನ್ನೂ ಕಡಿಮೆ.

5. ನಾಲ್ಕು ಸರಪಳಿಯನ್ನೂ ಎಣಿಸಿ

ಇನ್, ಔಟ್, ಇನ್-ಫಾಲ್ಟ್, ಔಟ್-ಫಾಲ್ಟ್. ಮೊದಲೆರಡನ್ನು ಎಲ್ಲರೂ ಹಾಕುತ್ತಾರೆ. ಎಕ್ಸೆಪ್ಶನ್ ಬಂದಾಗ ಉತ್ತರ ಹೋಗುವುದು ಔಟ್-ಫಾಲ್ಟ್ ದಾರಿಯಲ್ಲಿ. ಅದನ್ನು ಬಿಟ್ಟರೆ, ಕ್ಲೇಮು ತಿರಸ್ಕೃತವಾಗಿ ಗ್ರಾಹಕ ಫೋನ್ ಮಾಡಿದ ದಿನವೇ ಉತ್ತರದಲ್ಲಿ ಗುರುತಿನ ಸಂಖ್ಯೆ ಇರುವುದಿಲ್ಲ. ಗುರುತು ಬೇಕಾದದ್ದೇ ಆ ದಿನಕ್ಕೆ.

6. ಹಂತ ಸರಿಯಿಲ್ಲದಿದ್ದರೆ ಸರಿಯಾದ ಕೋಡೂ ದಂಡ

ಪ್ರತಿ ಇಂಟರ್‌ಸೆಪ್ಟರಿಗೂ ಒಂದು ಫೇಸ್ ಇರುತ್ತದೆ. ಒಳಬರುವಾಗ ಎಚ್‌ಟಿಟಿಪಿ ಹೆಡರ್‌ಗಳು ಮೊಟ್ಟಮೊದಲ ರಿಸೀವ್ ಹಂತದಲ್ಲೇ ಸಿಗುತ್ತವೆ. ಆದ್ದರಿಂದ ಗುರುತಿನ ಸಂಖ್ಯೆಯನ್ನು ಅಲ್ಲೇ ಓದಿ, ಇಲ್ಲದಿದ್ದರೆ ಅಲ್ಲೇ ಹೊಸದು ಹುಟ್ಟಿಸಿ. ಅದೇ ಹಂತದಲ್ಲಿ ಸೋಪ್ ಹೆಡರ್ ಕೇಳಿದರೆ ಸಿಗದು, ಎಕ್ಸ್‌ಎಂಎಲ್ ಓದುವುದು ಅಲ್ಲಿಗೆ ಇನ್ನೂ ಶುರುವಾಗಿರುವುದಿಲ್ಲ. ಹೊರಹೋಗುವಾಗ ಹೆಡರನ್ನು ಪ್ರಿಪೇರ್-ಸೆಂಡ್ ಹಂತಕ್ಕಿಂತ ಮುಂಚೆ ಹಾಕಿಬಿಡಿ. ಒಂದೇ ಹಂತದಲ್ಲಿ ಇಬ್ಬರು ಇದ್ದು ಯಾರು ಮೊದಲು ಎಂಬ ಪ್ರಶ್ನೆ ಬಂದರೆ ಆಡ್‌ಬಿಫೋರ್, ಆಡ್‌ಆಫ್ಟರ್ ಇವೆ. ಪಟ್ಟಿಯಲ್ಲಿ ಬರೆದ ಕ್ರಮವನ್ನು ನಂಬಿಕೊಂಡು ಕೂರಬೇಡಿ.

7. ಬಸ್ಸಿನಲ್ಲಿ ಕ್ಲೈಂಟ್‌ಗಳೂ ಕೂತಿರುತ್ತಾರೆ

ಬಸ್ಸಿಗೆ ಹಾಕಿದ ಇಂಟರ್‌ಸೆಪ್ಟರ್ ನಿಮ್ಮ ಸರ್ವರ್‌ಗಳಿಗೆ ಮಾತ್ರವಲ್ಲ, ಅದೇ ಬಸ್ಸಿನಿಂದ ಹೊರಗೆ ಹೋಗುವ ಕರೆಗಳಿಗೂ ತಗಲುತ್ತದೆ. ಪಾವತಿ ಗೇಟ್‌ವೇಗೆ ಹೋಗುವ ಕರೆಯಲ್ಲೂ ನಿಮ್ಮ ಒಳಗಿನ ಹೆಡರ್ ಹೋಗಬೇಕೆ? ಬೇಡವೆಂದರೆ ಇಂಟರ್‌ಸೆಪ್ಟರಿನ ಮೊದಲ ಸಾಲಿನಲ್ಲೇ ಮೆಸೇಜ್‌ಯುಟಿಲ್ಸ್‌ನ ಈಸ್‌ರಿಕ್ವೆಸ್ಟರ್ ಕೇಳಿ. ಹೌದು ಎಂದರೆ ನೀವು ಕ್ಲೈಂಟ್ ಪಾತ್ರದಲ್ಲಿದ್ದೀರಿ, ಸುಮ್ಮನೆ ವಾಪಸ್ ಬನ್ನಿ. ಲಾಗಿಂಗ್ ಫೀಚರ್ ಬಸ್ಸಿಗೆ ಕಟ್ಟಿದ ಮೇಲೆ ಲಾಗು ಎರಡು ಪಟ್ಟು ಬೆಳೆಯಿತು ಎಂದು ಗೊಣಗುವವರಿಗೂ ಉತ್ತರ ಬಹುತೇಕ ಇದರಲ್ಲೇ ಇರುತ್ತದೆ.

8. ಅಪವಾದವನ್ನು ಎಂಡ್‌ಪಾಯಿಂಟ್ ಹೇಳಲಿ

ಮೂವತ್ತರಲ್ಲಿ ಒಂದು ಹೆಲ್ತ್‌ಚೆಕ್ ಎಂಡ್‌ಪಾಯಿಂಟ್. ಅದಕ್ಕೆ ಗುರುತಿನ ಸಂಖ್ಯೆ ಬೇಡ. ಇಷ್ಟಕ್ಕೇ ಫೀಚರನ್ನು ಬಸ್ಸಿನಿಂದ ಕಿತ್ತು ಇಪ್ಪತ್ತೊಂಬತ್ತು ಕಡೆ ಅಂಟಿಸುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ. ಇಂಟರ್‌ಸೆಪ್ಟರಿನಲ್ಲಿ ಕಾಂಟೆಕ್ಸ್ಚುಯಲ್ ಪ್ರಾಪರ್ಟಿ ಕೇಳಿ. ಅದೇ ಹೆಸರಿನ ಪ್ರಾಪರ್ಟಿ ಬಸ್ಸಿನಲ್ಲೂ ಎಂಡ್‌ಪಾಯಿಂಟಿನಲ್ಲೂ ಇದ್ದರೆ ಗೆಲ್ಲುವುದು ಎಂಡ್‌ಪಾಯಿಂಟಿನದು. ಬಸ್ಸಿಗೆ "ಟ್ರೂ" ಹಾಕಿ, ಹೆಲ್ತ್‌ಚೆಕ್ಕಿನ ಪ್ರಾಪರ್ಟೀಸ್ ಭಾಗದಲ್ಲಿ "ಫಾಲ್ಸ್" ಎಂದು ಒಂದು ಸಾಲು ಬರೆಯಿರಿ. ಮುಗಿಯಿತು. ಯಾವ ಎಂಡ್‌ಪಾಯಿಂಟ್ ಯಾವ ನಿಯಮದಿಂದ ಹೊರಗಿದೆ ಎಂಬುದು ಕನ್ಫಿಗರೇಶನ್ ಓದಿದವರಿಗೆ ಎದುರಿಗೇ ಕಾಣುತ್ತದೆ.

9. ಇಂಟರ್‌ಸೆಪ್ಟರ್ ಒಂದೇ, ಥ್ರೆಡ್ ನೂರು

ಫೀಲ್ಡಿನಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ. ಇನ್ ಕಡೆಯಿಂದ ಔಟ್ ಕಡೆಗೆ ಸಾಗಿಸಬೇಕಾದ್ದು ಏನಿದ್ದರೂ ಎಕ್ಸ್‌ಚೇಂಜಿನಲ್ಲಿಡಿ. ಒಂದು ರಿಕ್ವೆಸ್ಟಿನ ಆರಂಭದಿಂದ ಕೊನೆಯವರೆಗೆ ಜೊತೆಯಲ್ಲಿರುವುದು ಅದು.

ಗುರುತಿನ ಸಂಖ್ಯೆ ಲಾಗಿನಲ್ಲಿ ಬರಲು ನೀವು ಎಂಡಿಸಿ ಬಳಸುತ್ತೀರಿ, ಅದು ಥ್ರೆಡ್ಡಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಎರಡು ಹಳ್ಳ. ಒಂದು, ಕೆಲಸ ಮುಗಿದ ಮೇಲೆ ಅಳಿಸದಿದ್ದರೆ ಅದೇ ಥ್ರೆಡ್ ಮುಂದಿನ ರಿಕ್ವೆಸ್ಟಿಗೆ ಹೋದಾಗ ಹಳೆಯ ಸಂಖ್ಯೆಯೂ ಜೊತೆಗೆ ಹೋಗುತ್ತದೆ. ಕ್ಲೇಮಿನ ಲಾಗು ಪ್ರೀಮಿಯಂ ತಲೆಗೆ ಕಟ್ಟಿದಂತಾಗುತ್ತದೆ. ಅಳಿಸುವ ಸಾಲು ಔಟ್ ದಾರಿಯಲ್ಲೂ ಇರಬೇಕು, ಫಾಲ್ಟ್ ದಾರಿಯಲ್ಲೂ ಇರಬೇಕು. ಎರಡು, ಒನ್‌ವೇ ಆಪರೇಶನ್. ಉತ್ತರ ಬೇಡದ ಇಂಥ ಕರೆಗಳನ್ನು ಸಿಎಕ್ಸ್‌ಎಫ್ ಸಾಮಾನ್ಯವಾಗಿ ನಡುವೆಯೇ ಬೇರೆ ಥ್ರೆಡ್ಡಿಗೆ ದಾಟಿಸಿಬಿಡುತ್ತದೆ. ರಿಸೀವ್ ಹಂತದಲ್ಲಿ ಎಂಡಿಸಿಗೆ ಹಾಕಿದ ಸಂಖ್ಯೆ ಹಳೆಯ ಥ್ರೆಡ್ಡಿನಲ್ಲೇ ಉಳಿಯುತ್ತದೆ, ಸರ್ವಿಸ್ ಮೆಥಡ್ ಬರೆಯುವ ಲಾಗಿನಲ್ಲಿ ಅದು ಕಾಣುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ಇಟ್ಟಿದ್ದರೆ ಪ್ರೀ-ಇನ್ವೋಕ್ ಹಂತದಲ್ಲಿ ಎತ್ತಿ ಮತ್ತೆ ಎಂಡಿಸಿಗೆ ಹಾಕಬಹುದು.

10. ಒಂದೇ ಕೆಲಸಕ್ಕೆ ಎರಡು ಗಂಟು ಬೇಡ

ಬಸ್ಸಿಗೊಂದು, ಎಂಡ್‌ಪಾಯಿಂಟಿಗೊಂದು ಎಂದು ಬೇರೆ ಬೇರೆ ಇನ್‌ಸ್ಟೆನ್ಸ್ ಕಟ್ಟಿದರೆ ಎರಡೂ ಓಡಬಹುದು. ಬಸ್ಸಿಗೆ ಎತ್ತಿದ ದಿನವೇ ಹಳೆಯ ಕಟ್ಟುಗಳನ್ನು ಬಿಚ್ಚಿ.

11. ಯಾವ ಬಸ್ಸು ಎಂದು ಕೇಳಿಕೊಳ್ಳಿ

ಸ್ಪ್ರಿಂಗ್‌ನಲ್ಲಿ ಡೀಫಾಲ್ಟ್ ಬಸ್ಸಿನ ಬೀನ್ ಹೆಸರು ಸಿಎಕ್ಸ್‌ಎಫ್. ಅದರ ಪಕ್ಕದಲ್ಲಿ ಯಾರೋ ಕೋಡಿನಲ್ಲಿ ಇನ್ನೊಂದು ಬಸ್ ಸೃಷ್ಟಿಸಿ, ಅದರ ಮೇಲೆ ಎಂಡ್‌ಪಾಯಿಂಟ್ ಪಬ್ಲಿಷ್ ಮಾಡಿದರೆ ನಿಮ್ಮ ಫೀಚರಿಗೂ ಅದಕ್ಕೂ ಸಂಬಂಧವೇ ಇಲ್ಲ. ಎಂಡ್‌ಪಾಯಿಂಟ್‌ಇಂಪ್ಲ್ ಕಟ್ಟುವಾಗ ಬಸ್ಸನ್ನು ಕೈಯಾರೆ ಕೊಡುವ ಅಭ್ಯಾಸ ಒಳ್ಳೆಯದು. ಹೊರಗಿನವರಿಗೊಂದು ನಿಯಮ, ಒಳಗಿನವರಿಗೊಂದು ನಿಯಮ ಬೇಕೆಂದಾಗ ಬೇಕೆಂದೇ ಎರಡು ಬಸ್ ಇಡಬಹುದು; ಆಗ ಎರಡನೆಯದಕ್ಕೆ ತನ್ನದೇ ಸರ್ವ್ಲೆಟ್ ಕೊಡಲು ಮರೆಯಬೇಡಿ, ಇಲ್ಲವಾದರೆ 404 ನೋಡುತ್ತೀರಿ.

ಸ್ಪ್ರಿಂಗ್ ಬೂಟ್ ಬಳಸುವವರಿಗೆ ಒಂದು ಮಾತು: ಆಗಲೇ ಚಾಲೂ ಆಗಿರುವ ಬಸ್ಸಿನ ಫೀಚರ್ ಪಟ್ಟಿ ಪಡೆದು ಅದಕ್ಕೆ ಆಡ್ ಮಾಡಿದರೆ ಪಟ್ಟಿಯಲ್ಲಿ ಹೆಸರಷ್ಟೇ ಸೇರುತ್ತದೆ, ಇನಿಶಿಯಲೈಜ್ ಆಗುವುದಿಲ್ಲ. ಪೂರ್ತಿ ಪಟ್ಟಿ ಮಾಡಿ ಸೆಟ್‌ಫೀಚರ್ಸ್ ಮೂಲಕ ಒಂದೇ ಸಲ ಕೊಡಿ.

12. ಹೆಸರು ನೋಡಿ ಮೋಸ ಹೋಗಬೇಡಿ

ಜ್ಯಾಕ್ಸ್-ಆರ್‌ಎಸ್‌ನಲ್ಲೂ ಫೀಚರ್ ಎಂಬ ಇಂಟರ್‌ಫೇಸ್ ಇದೆ, ಅದು ಬೇರೆಯೇ. ಐಡಿಇ ಸೂಚಿಸಿದ ಮೊದಲ ಇಂಪೋರ್ಟನ್ನು ಒತ್ತುವ ಮುನ್ನ ಪ್ಯಾಕೇಜ್ ಓದಿ.

13. ಊಹಿಸಬೇಡಿ, ಸರಪಳಿಯನ್ನೇ ನೋಡಿ

ಫೇಸ್‌ಇಂಟರ್‌ಸೆಪ್ಟರ್‌ಚೈನ್ ಕ್ಲಾಸಿನ ಲಾಗಿಂಗ್ ಮಟ್ಟವನ್ನು ಫೈನ್‌ಗೆ ಇಳಿಸಿ ಒಂದು ರಿಕ್ವೆಸ್ಟ್ ಕಳಿಸಿ. ಯಾವ ಹಂತದಲ್ಲಿ ಯಾವ ಇಂಟರ್‌ಸೆಪ್ಟರ್ ಕೂತಿದೆ ಎಂಬ ಪೂರ್ತಿ ಪಟ್ಟಿ ಲಾಗಿನಲ್ಲಿ ಬೀಳುತ್ತದೆ. ನಿಮ್ಮದು ಇಲ್ಲವೆಂದರೆ ಮೂರನೆಯ ಅಥವಾ ಹನ್ನೊಂದನೆಯ ಸೂತ್ರಕ್ಕೆ ವಾಪಸ್ ಹೋಗಿ. ಎರಡು ಸಲ ಇದ್ದರೆ ಹತ್ತನೆಯದಕ್ಕೆ. ಇದ್ದೂ ಕೆಲಸ ಮಾಡದಿದ್ದರೆ ಆರನೆಯದಕ್ಕೆ. ಟೆಸ್ಟಿಗೆ ನಿಜವಾದ ಪೋರ್ಟ್ ತೆರೆಯಬೇಕೆಂದೇನೂ ಇಲ್ಲ, ಲೋಕಲ್ ಟ್ರಾನ್ಸ್‌ಪೋರ್ಟ್ ಸಾಕು. ಎರಡು ಎಂಡ್‌ಪಾಯಿಂಟ್ ಏಳಿಸಿ, ಒಂದರಲ್ಲಿ ಪ್ರಾಪರ್ಟಿ ಆಫ್ ಮಾಡಿ, ಒಂದು ಮಾಮೂಲಿ ಕರೆ, ಒಂದು ಫಾಲ್ಟ್ ಕರೆ, ಒಂದು ಒನ್‌ವೇ ಕರೆ ಕಳಿಸಿ ನೋಡಿ.

14. 4.0ಕ್ಕೆ ಹೋಗುವ ಮುಂಚೆ ಮನೆ ಗುಡಿಸಿ

2022ರ ಕೊನೆಯಲ್ಲಿ ಬಂದ ಸಿಎಕ್ಸ್‌ಎಫ್ 4.0ದಲ್ಲಿ ಜಾವಾಎಕ್ಸ್ ಹೆಸರುಗಳೆಲ್ಲ ಜಕಾರ್ತಾ ಆದವು. ಅದಕ್ಕೆ ಜಾವಾ 17 ಬೇಕು. ಸ್ಪ್ರಿಂಗ್ ಬೂಟ್ 3ಕ್ಕೆ ಹೋಗುವವರಿಗೆ ಇದು ತಪ್ಪಿದ್ದಲ್ಲ. ಸಿಎಕ್ಸ್‌ಎಫ್‌ನ ಸ್ವಂತ ಪ್ಯಾಕೇಜ್ ಹೆಸರು ಬದಲಾಗಿಲ್ಲವಾದ್ದರಿಂದ, ಅದರ ಕ್ಲಾಸುಗಳನ್ನಷ್ಟೇ ಮುಟ್ಟುವ ಫೀಚರ್ ಹೆಚ್ಚು ಕಾಟ ಕೊಡದೆ ದಾಟುತ್ತದೆ. ಮೂವತ್ತು ಕಡೆ ಹರಡಿಕೊಂಡ ಕನ್ಫಿಗರೇಶನ್ ಹಾಗೆ ದಾಟುವುದಿಲ್ಲ. ಇವತ್ತೇ ಪ್ರಾಜೆಕ್ಟಿನಲ್ಲಿ ಫೀಚರ್ಸ್ ಎಂಬ ಪದ ಹುಡುಕಿ ನೋಡಿ. ಒಂದೇ ಫೀಚರ್ ಮೂರಕ್ಕಿಂತ ಹೆಚ್ಚು ಕಡೆ ಸಿಕ್ಕರೆ, ಮುಂದಿನ ಸ್ಪ್ರಿಂಟಿನಲ್ಲೇ ಅದನ್ನು ಬಸ್ಸಿಗೆ ಹತ್ತಿಸಿ.